ಅತ್ತೆಯ ಎಮ್ಮೆಯೂ ನನ್ನ ಎರಡು ಥ್ರೆಡ್‌ಗಳೂ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಬರೆಯುತ್ತಿದ್ದೇನೆ. ಆದ್ದರಿಂದ ಸೋಸಲೆ ಪಕ್ಕದ ನನ್ನ ಅತ್ತೆಯ ಊರಿನ ಡೈರಿಯಲ್ಲಿ ಹಾಲು ಅಳೆಯಲು ಎರಡನೇ ಕೌಂಟರ್ ಬಂದಿದೆ, ಎರಡನ್ನೂ ಒಟ್ಟಿಗೆ ನಡೆಸುವ ಪ್ರೋಗ್ರಾಂ ಬೇಕು ಎಂದು ಅಲ್ಲಿನ ಸೆಕ್ರೆಟರಿ ಮಾದೇವ ಫೋನ್ ಮಾಡಿದಾಗ ನಾನು ಯೋಚನೆಯನ್ನೇ ಮಾಡಲಿಲ್ಲ.

"ಒಂದು ಸಂಜೆ ಕೆಲಸ" ಎಂದುಬಿಟ್ಟೆ.

ಹೆಂಡತಿ ಸವಿತಾ ಮಾತ್ರ ಯೋಚನೆ ಮಾಡಿದಳು. "ನೋಡ್ರೀ, ಫ್ಯಾಕ್ಟರೀಲಿ ತಪ್ಪಾದ್ರೆ ನಿಮ್ಮ ಮ್ಯಾನೇಜರ್‌ಗೆ ಗೊತ್ತಾಯ್ತದೆ. ನಮ್ಮೂರಲ್ಲಿ ತಪ್ಪಾದ್ರೆ ನಮ್ಮವ್ವ ತಲೆ ಎತ್ಕೊಂಡು ಓಡಾಡಂಗಿಲ್ಲ."

"ಹಾಲು ಅಳೆಯೋದರಲ್ಲಿ ತಪ್ಪಾಗೋಕೆ ಏನಿದೆ?" ಎಂದು ನಕ್ಕೆ. ಮೂರು ದಿನ ರಜೆ ಹಾಕಿ ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಹೊರಟೆವು.

ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಎರಡು ಕೆಲಸ ನಡೆಯಬೇಕಾದರೆ ಎರಡು ಥ್ರೆಡ್ ಮಾಡುತ್ತಾರೆ. ಕೌಂಟರಿಗೊಂದು ಥ್ರೆಡ್ ಮಾಡಿದೆ. ಆದರೆ ಹಾಲಿನ ಫ್ಯಾಟು ಎಷ್ಟೆಂದು ಬರೆದಿಟ್ಟುಕೊಳ್ಳಲು ಎರಡಕ್ಕೂ ಸೇರಿ ಒಂದೇ ಜಾಗ ಕೊಟ್ಟೆ. ಪಂಕ್ತಿಯಲ್ಲಿ ಕೂತ ಇಬ್ಬರಿಗೆ ಒಂದೇ ಎಲೆ ಹಾಕಿದ ಹಾಗೆ. ಒಬ್ಬನೇ ನಿಂತು ಒಂದು ಲೋಟ ಹಾಲು ಸುರಿದು ಪರೀಕ್ಷೆ ಮಾಡಿದೆ. ಸರಿಯಾಗಿಯೇ ಬಂತು. ಒಬ್ಬನೇ ಉಂಡರೆ ಒಂದೇ ಎಲೆ ಸಾಕಲ್ಲವೇ?

ಮೊದಲ ದಿನ ಬೆಳಿಗ್ಗೆ ಎಡ ಕೌಂಟರಿನಲ್ಲಿ ನನ್ನ ಅತ್ತೆ ಪುಟ್ಟತಾಯಮ್ಮ ಎಮ್ಮೆ ಹಾಲು ಹಾಕಿದರು. ಅದೇ ಕ್ಷಣ ಬಲ ಕೌಂಟರಿನಲ್ಲಿ ಪಕ್ಕದ ಮನೆಯ ಜಯಮ್ಮ ಸೀಮೆಹಸುವಿನ ಹಾಲು ಹಾಕಿದರು. ಹಸುವಿನ ಫ್ಯಾಟು ಬಂದು ಎಮ್ಮೆಯ ಫ್ಯಾಟಿನ ಮೇಲೆ ಕೂತಿತು. ಸದಾ ಏಳು ಬರುವ ಅತ್ತೆಯ ಚೀಟಿಯಲ್ಲಿ ಮೂರು ಪಾಯಿಂಟ್ ಎರಡು ಎಂದು ಬಂತು.

ಮಾದೇವ ಚೀಟಿ ನೋಡಿದ, ನನ್ನನ್ನು ನೋಡಿದ, ಹರಿದು ಅತ್ತೆಯ ಕೈಗೆ ಕೊಟ್ಟ. ಆ ಡೈರಿಯ ಕಟ್ಟಳೆ ಇಷ್ಟು: ಮೂರು ದಿನ ಫ್ಯಾಟು ಬಿದ್ದರೆ ನೀರು ಬೆರೆಸಿದ ಲೆಕ್ಕ. ಎಲ್ಲರೆದುರು ಕ್ಯಾನು ವಾಪಸ್ಸು.

ಸಾಲಿನಲ್ಲಿದ್ದ ಸಿದ್ದರಾಜು ಎಂಬಾತ, "ಒಳೆ ಪಕ್ಕದಲ್ಲೇ ಮನೆ, ಪುಣ್ಯವಂತೆ" ಎಂದ. ಹೊಳೆ ನೀರಿನ ಮಾತಿಗೆ ಎಲ್ಲರೂ ನಕ್ಕರು. ಅತ್ತೆ ಸೆರಗು ಸರಿಮಾಡಿಕೊಂಡು ಹೊರಟರು. ನನಗೆ ನಾಚಿಕೆಯಾಯಿತು. ಅತ್ತೆಯ ಬಗ್ಗೆ ನಾಚಿಕೆಯಾಯಿತೆಂದು ಈಗ ಬರೆಯಲು ಇನ್ನೂ ನಾಚಿಕೆ.

ಮನೆಯಲ್ಲಿ ಮೆಲ್ಲಗೆ ಕೇಳಿದೆ. "ಅತ್ತೆ, ಕ್ಯಾನು ತೊಳೆದಾಗ ಸ್ವಲ್ಪ ನೀರು ಉಳಿದಿತ್ತಾ?"

ಅತ್ತೆ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು. "ಇಲ್ಲ ಅಳಿಯಂದ್ರೇ. ಎಮ್ಮೆಗೆ ಇಂಡಿ ಕಮ್ಮಿಯಾಗಿರ್ಬೇಕು. ನೀವು ಉಣ್ಣಿ."

ಮಧ್ಯಾಹ್ನ ಮುದ್ದೆ ನುಂಗುವಾಗ ತಪ್ಪು ಹೊಳೆಯಿತು. ಹೊಳೆದದ್ದನ್ನು ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಸರಿಮಾಡಿದರಾಯಿತು, ಊರಳಿಯನ ಮರ್ಯಾದೆಯೂ ಉಳಿಯುತ್ತದೆ ಎಂದುಕೊಂಡೆ. ಇದಕ್ಕೆ ಸಿ ಭಾಷೆಯಲ್ಲಿ ಒಳ್ಳೆಯ ಉಪಾಯವಿದೆ. ಒಂದೇ ಕೀಲಿ, ಆದರೆ ಯಾವ ಥ್ರೆಡ್ ತೆರೆದರೆ ಅದಕ್ಕೆ ಅದರದ್ದೇ ಪೆಟ್ಟಿಗೆ ಸಿಗುತ್ತದೆ. ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಪೆಟ್ಟಿಗೆ ಖಾಲಿಯಿದ್ದರೆ ಯಂತ್ರ ಫ್ಯಾಟು ಹೇಳುವವರೆಗೆ ಕಾಯಬೇಕು, ತುಂಬಿದ್ದರೆ ಚೀಟಿ ಮುದ್ರಿಸಬೇಕು ಎಂದು ಬರೆದೆ.

ಚೀಟಿ ಕೊಟ್ಟ ಮೇಲೆ ಪೆಟ್ಟಿಗೆ ಖಾಲಿ ಮಾಡಬೇಕು ಎಂದು ಬರೆಯಲಿಲ್ಲ. ಪೆಟ್ಟಿಗೆ ಕೌಂಟರಿನದೇ ಹೊರತು ಹಾಲು ಹಾಕುವವರದಲ್ಲ ಎನ್ನುವುದು ನನ್ನ ಹನ್ನೆರಡು ವರ್ಷದ ಅನುಭವಕ್ಕೆ ಹೊಳೆಯಲಿಲ್ಲ.

ಎರಡನೇ ದಿನ ಯಂತ್ರ ಹೊಸ ಫ್ಯಾಟು ಹೇಳುವ ಮೊದಲೇ ಚೀಟಿ ಅಚ್ಚಾಗಿ, ಎಲ್ಲರಿಗೂ ಅವರ ಮುಂದೆ ನಿಂತವರ ಫ್ಯಾಟು ಬಂತು. ಅತ್ತೆಯ ಮುಂದೆ ಜಯಮ್ಮ ನಿಂತಿದ್ದರು. ಮತ್ತೆ ಮೂರು ಪಾಯಿಂಟ್ ಎರಡು. ಅತ್ತೆಯ ಹಿಂದೆ ಸಿದ್ದರಾಜು ಇದ್ದ. ಅವನ ಸೀಮೆಹಸು ಏಳು ಪಾಯಿಂಟ್ ಒಂದು ಕೊಟ್ಟಿತು. ಚೀಟಿಯನ್ನು ಜೇಬಿಗೆ ಸೇರಿಸಿ, ಅಂದು ಹೊಳೆಯ ಸುದ್ದಿಯನ್ನೇ ಎತ್ತದೆ ಹೋದ.

"ಇನ್ನೊಂದು ದಿನ ಇಂಗೇ ಆದ್ರೆ ಅವ್ವನ ಕ್ಯಾನು ವಾಪಸ್ಸು" ಎಂದಳು ಸವಿತಾ. "ಇಪ್ಪತ್ತು ವರ್ಷದಿಂದ ಆಲಾಕ್ತವ್ಳೆ. ನೀವು ಕಾಲಿಟ್ಟು ಎರಡು ದಿನ ಆಯ್ತು."

ಮೂರನೇ ದಿನಕ್ಕೆ ಯಾವ ಅಪಾಯವೂ ಬೇಡವೆಂದು, ಹಾಲು ಹಾಕುವ ಪ್ರತಿಯೊಬ್ಬರಿಗೂ ಹೊಸ ಪೆಟ್ಟಿಗೆ ಕೊಟ್ಟೆ. ಹಳೆಯ ಪೆಟ್ಟಿಗೆಗಳನ್ನು ಥ್ರೆಡ್ ಮುಗಿದಾಗ ತಾನಾಗಿ ತೆಗೆದುಹಾಕುವ ಒಂದು ಫಂಕ್ಷನ್ನನ್ನೂ ಜೋಡಿಸಿ ಬೆನ್ನು ತಟ್ಟಿಕೊಂಡೆ. ಆದರೆ ಕೌಂಟರಿನ ಥ್ರೆಡ್ ಮುಗಿಯುವುದೇ ಇಲ್ಲ. ಬೆಳಗಿನಿಂದ ಸಂಜೆವರೆಗೆ ಕೌಂಟರಿನಲ್ಲೇ ನಿಂತಿರುತ್ತದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಿದ್ದು, ಡೈರಿಯ ಪುಟ್ಟ ಕಂಪ್ಯೂಟರಿನ ಮೆಮೊರಿ ತುಂಬಿ, ಸರಿಯಾಗಿ ಅತ್ತೆ ಕ್ಯಾನು ಎತ್ತಿದ ಹೊತ್ತಿಗೆ ಎರಡೂ ಕೌಂಟರು ನಿಂತವು.

ಹಿಂದೆ ಉದ್ದದ ಸಾಲು. ಹಾಲಿನ ಲಾರಿ ಬರುವ ಹೊತ್ತು. ಮಾದೇವ ತಲೆ ಕೆರೆದುಕೊಂಡು, "ಏನ್ ಮಾಡನ ಸಾ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಮಿಷನ್ ಮೇಲೆ ಆಕ್ಬೇಡಿ ಮಾದೇವಪ್ಪ. ನನ್ ಆಲೇ ಸರಿಯಿಲ್ಲ ಅಂತ ಕಾಣ್ತದೆ. ವಾಪಸ್ ತಕ್ಕೊಂಡೋಗಿ ಎಪ್ಪಾಕಿ ಮೊಸರು ಮಾಡ್ತೀನಿ."

ಕ್ಯಾನು ಎತ್ತಿಕೊಂಡು ತಿರುಗಿಯೇಬಿಟ್ಟರು. ಇಪ್ಪತ್ತು ವರ್ಷದ ಹೆಸರನ್ನು ನನ್ನ ಒಂದು ಫಂಕ್ಷನ್ನಿಗಾಗಿ ಹೊತ್ತುಕೊಂಡು ಹೊರಟಿದ್ದರು. ಕ್ಯಾನಿಗೆ ಕೈ ಅಡ್ಡ ಹಾಕಿ, ಇಡೀ ಸಾಲಿಗೆ ಕೇಳುವಂತೆ ಹೇಳಿದೆ. "ಅತ್ತೆಯ ಹಾಲಲ್ಲಿ ತಪ್ಪಿಲ್ಲ. ಮೂರು ದಿನದ ತಪ್ಪೂ ನನ್ನ ಪ್ರೋಗ್ರಾಮಿನದು. ಮೊದಲ ದಿನವೇ ನನಗೆ ಗೊತ್ತಿತ್ತು."

ಊರು ಬೆಚ್ಚಿಬೀಳುತ್ತದೆ ಎಂದು ಕಾದೆ. ಯಾರೂ ಬೀಳಲಿಲ್ಲ.

"ನಮಗೂ ಗೊತ್ತಿತ್ತು ಬುಡಿ ಸಾ" ಎಂದ ಸಿದ್ದರಾಜು. "ನನ್ ಸೀಮೆಹಸ ಏಳು ಫ್ಯಾಟು ಕೊಡ್ತದಾ?"

"ಪುಟ್ಟತಾಯಕ್ಕ ನೀರಾಕ್ತಾಳೆ ಅಂತ ಯಾರು ನಂಬ್ತಾರೆ?" ಎಂದರು ಜಯಮ್ಮ.

"ಮತ್ತೆ ಹೇಳಬಾರದಿತ್ತಾ?" ಎಂದೆ.

ಎಲ್ಲರೂ ಮಾದೇವನ ಮುಖ ನೋಡಿದರು. ಅವನು ನೆಲ ನೋಡಿದ. "ಊರಳಿಯಂದ್ರು ನೀವು. ಇಷ್ಟು ದೂರ ಬಂದು ಮಾಡ್ಕೊಡ್ತಾ ಇದ್ದೀರಿ. ಮಿಷನ್ ಸರಿಯಿಲ್ಲ ಅಂತ ಮುಖದ ಮೇಲೆ ಎಂಗೇಳದು ಸಾ?"

ಅವನು ಒಳಗಿನಿಂದ ಹಳೆಯ ಲ್ಯಾಕ್ಟೋಮೀಟರ್ ತಂದು ಅತ್ತೆಯ ಹಾಲಿಗೆ ಬಿಟ್ಟ. ಹನಿ ನೀರಿಲ್ಲ. ಉಳಿದವರ ಹಾಲನ್ನೂ ಹಾಗೆಯೇ ನೋಡಿ ಲಾರಿ ತುಂಬಿಸಿದರು. ಯಾವ ಥ್ರೆಡ್ಡೂ ಬೇಕಾಗಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅತ್ತೆಯನ್ನು ಕೇಳಿದೆ. "ನಿಮಗೂ ಗೊತ್ತಿತ್ತಾ?"

"ನನ್ ಎಮ್ಮೆ ಆಲು ನಂಗೊತ್ತಿಲ್ವಾ?"

"ಮತ್ತೆ ಪಾಪ ಎಮ್ಮೆ ಮೇಲೆ ಯಾಕೆ ಹಾಕಿದಿರಿ?"

ಅತ್ತೆ ಖಾಲಿ ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಎಮ್ಮೆ ಬೇಜಾರು ಮಾಡ್ಕಳಕಿಲ್ಲ ಅಳಿಯಂದ್ರೇ."

ನಾನು ಮಾಡಿಕೊಳ್ಳುತ್ತೇನೆ ಎನ್ನುವುದು ಇಡೀ ಊರಿಗೆ ಗೊತ್ತಿತ್ತು.