ನನ್ನ ಲೈಸೆನ್ಸಿಗೊಂದು ಒಳ್ಳೇ ದಿನ

ಇಲ್ಲಿ ಬರೆದಿರೋದೆಲ್ಲ ನಿಜ. ಬೇಕಾದರೆ ರಾಯಕೋಟೆಯ ಕೋಟೆ ಹತ್ತಿ, ಕ್ಯಾಲ್ಕುಲೇಟರ್ ಮುಟ್ಟಿ ಆಣೆ ಮಾಡುತ್ತೇನೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವನು ನಾನು. ಸಿ.ಎ. ಪರೀಕ್ಷೆಯನ್ನು ಏಳೇ ಏಳು ಸಲಕ್ಕೆ ಪಾಸು ಮಾಡಿದ ಬುದ್ಧಿವಂತ. ಉಳಿದಿದ್ದದ್ದು ಒಂದೇ ಕೆಲಸ: ಸ್ವಂತ ಆಫೀಸು ತೆರೆಯಲು ಲೈಸೆನ್ಸಿಗೆ ಅರ್ಜಿ ಹಾಕೋದು. ಲೈಸೆನ್ಸು ಬಂದರೆ ಕಾರ್ಖಾನೆ ಬಿಡಬೇಕು, ಎರಡೂ ಒಟ್ಟಿಗೆ ನಡೆಯಲ್ಲ. ಹಾಗಾಗಿ ಅರ್ಜಿ ಯಾವಾಗ ಹಾಕೋದು ಅಂತ ಯೋಚಿಸಲು ಒಂಬತ್ತು ವರ್ಷ ತಗೊಂಡೆ. ಅವಸರ ನನ್ನ ಜಾಯಮಾನವಲ್ಲ. ಅಷ್ಟರಲ್ಲಿ ಆದ ಫಜೀತಿಗಳು ಒಂದೆರಡಲ್ಲ.

ಬೋರ್ಡು

ಅರ್ಜಿಗೆ ಮೊದಲೇ ಬೋರ್ಡು ಬರೆಸಿದೆ. ಕನ್ನಡ, ತಮಿಳು, ಇಂಗ್ಲಿಷು, ಮೂರರಲ್ಲೂ ನನ್ನ ಹೆಸರು. ಪೇಂಟರ್ ಕೇಳಿದ, "ಲೈಸೆನ್ಸ್ ನಂಬರ್ ಹೇಳಿ ಸಾರ್."

"ಜಾಗ ಬಿಡಪ್ಪ, ಬರುತ್ತೆ."

"ಎಷ್ಟು ಜಾಗ ಬಿಡ್ಲಿ?"

"ದೊಡ್ಡ ನಂಬರೇ ಬರುತ್ತೆ, ಧಾರಾಳವಾಗಿ ಬಿಡು," ಅಂದೆ.

ಬೋರ್ಡು ಎರಡು ವರ್ಷ ಬೀರುವಿನ ಹಿಂದೆ ನಿಂತಿತ್ತು. ಮೂರನೇ ಬೇಸಿಗೆಗೆ ಕಾಣೆ! ಹುಡುಕಿಕೊಂಡು ಮಹಡಿಗೆ ಹೋದರೆ, ಹೆಂಡತಿ ಅದರ ಮೇಲೆ ಸಂಡಿಗೆ ಇಟ್ಟಿದ್ದಾಳೆ.

"ಏನೇ ಇದು, ನನ್ನ ಹೆಸರಿನ ಮೇಲೆ!"

"ನಿಮ್ಮ ಹೆಸರಿನ ಮೇಲೆ ಎಲ್ರೀ ಇಟ್ಟಿದೀನಿ? ನಂಬರ್ ಬರೋ ಜಾಗ ಹೆಂಗಿದ್ರೂ ಖಾಲಿ ಇತ್ತು, ಅಲ್ಲಿಟ್ಟಿದೀನಿ."

ಧಾರಾಳವಾಗಿ ಬಿಡಿಸಿದ್ದೆನಲ್ಲ, ಎರಡು ಸೇರು ಅಕ್ಕಿಯ ಸಂಡಿಗೆ ಹಿಡಿಸಿತ್ತು.

ಎರಡು ಪಂಚಾಂಗ

ಒಂದು ವರ್ಷ ಜೂನಿನಲ್ಲಿ ಗಟ್ಟಿ ಮನಸ್ಸು ಮಾಡಿದೆ. ಉದ್ದನಪಲ್ಲಿಯ ಚಿಕ್ಕಪ್ಪ ಟೊಮೆಟೊ ಕೊಡೋಕೆ ಬಂದವನು ತಡೆದ: "ಆಷಾಢ ಬಂತು ಕಣ್ಲಾ. ಈಗ ಯಾರಾನ ಹೊಸ ಕೆಲ್ಸಕ್ಕೆ ಕೈ ಹಾಕ್ತಾರೇನ್ಲಾ?"

ಸರಿ, ಆಷಾಢ ಮುಗಿಸಿ ಮತ್ತೆ ಕೂತೆ. ಪಕ್ಕದ ಮನೆಯ ತಮಿಳಮ್ಮ ಕಾಂಪೌಂಡಿನಾಚೆಯಿಂದ, "ಐಯೋ ಸಾರ್, ಆಡಿ ಮಾಸಂ ನಡೀತೈತೆ! ಆವಣಿ ಬರ್ಲಿ," ಅಂದರು.

ನಮ್ಮ ಆಷಾಢ ಚಂದ್ರನ ಲೆಕ್ಕ, ಅವರ ಆಡಿ ಸೂರ್ಯನ ಲೆಕ್ಕ. ನಮ್ಮದು ಮುಗಿದರೂ ಅವರದು ಬಾಕಿ ಇರುತ್ತೆ. ಗಡಿಯಲ್ಲಿ ಬಾಳೋನು ಇಬ್ಬರ ಮಾತನ್ನೂ ಮೀರುವಂತಿಲ್ಲ. ಆವಣಿ ಬಂದಾಗ ಆಡಿಟ್ಟು. ಅದರ ನಡುವೆ ಪಿತೃಪಕ್ಷ. ಆಮೇಲೆ ಧನುರ್ಮಾಸ. ಅದು ದಾಟಿದರೆ ವರ್ಷಾಂತ್ಯದ ಲೆಕ್ಕ. ಕೆಂಪು ಪೆನ್ನು ಹಿಡಿದು ಆಗದ ದಿನಗಳನ್ನೆಲ್ಲ ಹೊಡೆದುಹಾಕುತ್ತಾ ಹೋದೆ. ಕೊನೆಗೆ ಇಡೀ ವರ್ಷದಲ್ಲಿ ಒಂದೇ ಒಂದು ಒಳ್ಳೇ ದಿನ ಉಳೀತು. ನೋಡಿದರೆ, ಅದು ನಿನ್ನೆ.

ರಾಜೀನಾಮೆ

ಮೊದಲು ಕೆಲಸ ಬಿಟ್ಟರೆ ಅರ್ಜಿ ತಾನಾಗೇ ಹಾಕುತ್ತೇನೆ ಅನ್ನಿಸಿತು. ರಾಜೀನಾಮೆ ಬರೆದು ಜೇಬಿಗಿಟ್ಟುಕೊಂಡು ಮ್ಯಾನೇಜರ್ ರೂಮಿಗೆ ನುಗ್ಗಿದೆ. ನಾನಿಲ್ಲದೆ ಕಾರ್ಖಾನೆ ನಿಂತುಹೋದರೆ ಈ ಮನುಷ್ಯನ ಗತಿಯೇನು ಅಂತ ಕಣ್ಣಲ್ಲಿ ನೀರೂ ಬಂದಿತ್ತು.

"ವಾಂಗ ಸಾರ್, ನಿಮ್ಮನ್ನೇ ನೆನೆಸ್ಕೊಂಡೆ," ಅಂದರು ಮ್ಯಾನೇಜರ್. "ಈ ಸಲ ಆಯುಧಪೂಜೆ ನೀವೇ ನೋಡ್ಕೋಬೇಕು. ನಿಮ್ಮಷ್ಟು ಪುರುಸೊತ್ತಾಗಿ ಇಲ್ಲಿ ಇನ್ಯಾರಿದಾರೆ?"

ಎಷ್ಟು ಬೂದುಗುಂಬಳ, ಎಷ್ಟು ಕಡಲೆಪುರಿ ಅಂತ ಹೇಳುತ್ತಾ ಹೋದರು. ಬರೆದುಕೊಳ್ಳಲು ಕಾಗದಕ್ಕೆ ತಡಕಾಡಿದೆ. ಜೇಬಿನಲ್ಲಿ ಒಂದು ಸಿಕ್ಕಿತು.

ಕೊನೆಗೂ ಶುಕ್ರವಾರ

ಹೋದ ವರ್ಷ ಹೆಂಡತಿ ತೀರ್ಪು ಕೊಟ್ಟಳು: "ಈ ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹಾಕ್ಬೇಕು. ಇಲ್ಲಾಂದ್ರೆ ಆ ಬೋರ್ಡನ್ನ ಬಚ್ಚಲು ಬಾಗಿಲಿಗೆ ಹೊಡೆಸ್ತೀನಿ."

ರಜೆಗೆ ಕಾರಣ ಬೇಕಲ್ಲ? ಸಾನಮಾವು ಕಾಡಿನ ಆನೆ ರಸ್ತೆಗೆ ಅಡ್ಡ ನಿಂತಿದೆ ಅನ್ನೋದನ್ನು ಆ ತಿಂಗಳು ಆಗಲೇ ಮೂರು ಸಲ ಹೇಳಿಯಾಗಿತ್ತು. ಜ್ವರ ಅಂದೆ. ಮಡಿಪಂಚೆ ಉಟ್ಟು, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಕೂತೆ. ಎಲ್ಲ ತುಂಬಿದೆ. ಕೊನೆಯಲ್ಲಿ, ಮೊಬೈಲಿಗೆ ಬಂದ ಒಟಿಪಿ ಹಾಕಿ ಅಂತು. ನನ್ನ ಮೊಬೈಲಿಗೆ ಏನೂ ಬರಲಿಲ್ಲ.

ಆಗ ಹೊಳೀತು. ಪರೀಕ್ಷೆ ಕಟ್ಟುವಾಗ ಜಂಬಕ್ಕೆ ಕಾರ್ಖಾನೆಯ ಮೊಬೈಲ್ ನಂಬರ್ ಕೊಟ್ಟಿದ್ದೆ. ಆ ಫೋನು ಈಗ ಮ್ಯಾನೇಜರ್ ಮೇಜಿನ ಮೇಲಿರುತ್ತೆ. ಹೊಳೆಯುವಷ್ಟರಲ್ಲಿ ಅವರದೇ ಫೋನ್ ಬಂತು.

"ಜ್ವರ ಹೆಂಗಿದೆ ಸಾರ್?"

"ಇದೆ ಸಾರ್, ಸ್ವಲ್ಪ."

"ಲೈಸೆನ್ಸಿಗೆ ಅರ್ಜಿ ಹಾಕ್ತಿದೀರಂತೆ? ಇಲ್ಲಿ ಒಟಿಪಿ ಬಂದೈತೆ."

ಇನ್ನೇನು ಗೋಗರೀತಾರೆ, 'ನಮ್ಮನ್ನು ಬಿಟ್ಟು ಹೋಗ್ಬೇಡಿ' ಅಂತಾರೆ, ಸಂಬಳ ಏರಿಸ್ತಾರೆ ಅಂತ ಕಾದೆ.

"ಬರ್ಕೊಳ್ಳಿ ಸಾರ್," ಅಂದರು. ಒಂದೊಂದೇ ಅಂಕಿ, ಮಗುವಿಗೆ ಹೇಳಿಕೊಡೋ ಹಾಗೆ ಓದಿದರು. ಇನ್ನೊಂದು ಸಲ ಓದಿದರು. "ಹೋಯ್ತಾ? ಹೋಗ್ಲಿಲ್ಲ ಅಂದ್ರೆ ಹೇಳಿ, ಮತ್ತೆ ತರಿಸೋಣ. ಮೀಟಿಂಗ್ ನಿಲ್ಸಿದೀನಿ."

ಹತ್ತು ಇಪ್ಪತ್ತೊಂಬತ್ತಕ್ಕೆ ಸರಿಯಾಗಿ ಗುಂಡಿ ಒತ್ತಿದೆ. "ಹೋಯ್ತು ಸಾರ್," ಅಂದೆ. ಆ ಕಡೆ ಇಡೀ ಮೀಟಿಂಗು ಚಪ್ಪಾಳೆ ತಟ್ಟಿತು.

ಲೈಸೆನ್ಸು ಬಂತು. ಸಂಡಿಗೆ ಒಣಗಿದ ಜಾಗದಲ್ಲಿ ನಂಬರು ಬಿತ್ತು. ನಾನು ಬಿಟ್ಟರೂ ಕಾರ್ಖಾನೆ ಮೂರೂ ಪಾಳಿ ನಡೀತಿದೆ, ಹೇಗೆ ಅಂತ ಗೊತ್ತಿಲ್ಲ.

ಆಣೆ ಮಾಡುತ್ತೇನೆ ಅಂದಿದ್ದೇನಲ್ಲ, ಅದಕ್ಕೇ ಹೇಳಿಬಿಡುತ್ತೇನೆ: ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿದ್ದು. ಗುಂಡಿ ಒತ್ತಿದಾಗ ಹತ್ತು ಇಪ್ಪತ್ತೊಂಬತ್ತಲ್ಲ, ಹತ್ತೂ ಮುಕ್ಕಾಲು. ರಾಹುಕಾಲ ಶುರುವಾಗಿ ಕಾಲು ಗಂಟೆಯಾಗಿತ್ತು. ಹೆಂಡತಿ ಅಡುಗೆಮನೆಯಿಂದ ಬರೋದರೊಳಗೆ ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿದ್ದೆ. ಸರಿಮಾಡೋಕೆ ಇನ್ನೂ ಧೈರ್ಯ ಬಂದಿಲ್ಲ. ಅವತ್ತಿಂದ ನಮ್ಮ ಮನೆಯವರು ಎಲ್ಲಿಗೆ ಹೋದರೂ ಕಾಲು ಗಂಟೆ ತಡ.