ತಗ್ಗು ಬೀಳದ ರಸ್ತೆ

ನಮ್ಮ ಮನೆಯವರು ಬಾಳಪ್ಪ, ಬೆಳಗಾವಿಯ ಎರಕದ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಕಾರ್ಖಾನೆಯವರು ಬೇಡವೆಂದು ಎಸೆಯುವ ಸುಟ್ಟ ಮರಳು, ಕಬ್ಬಿಣದ ಕಿಟ್ಟ ಎಲ್ಲವನ್ನೂ ಡಾಂಬರಿನಲ್ಲಿ ಕಲಸಿ ನಮ್ಮ ಓಣಿಗೆ ತಾವೇ ರಸ್ತೆ ಮಾಡಿದರು. ಊರಲ್ಲಿ ಇನ್ಯಾವ ಹೆಂಡತಿಗುಂಟು ಇಂಥ ಭಾಗ್ಯ?

ಮೊದಲ ದಿನ ಓಣಿಯವರನ್ನೆಲ್ಲ ಸೇರಿಸಿ, ಹಾರೆಯಿಂದ ರಸ್ತೆಗೆ ಒಂದು ತಗ್ಗು ಹೊಡೆದರು. ನಮ್ಮ ಕಟ್ಟೆಯ ಮೇಲೆ ಅವರೇ ಮಾಡಿಟ್ಟಿದ್ದ ಕರೆಂಟಿನ ಪೆಟ್ಟಿಗೆ ಗುಂಯ್ ಎಂದಿತು. ರಸ್ತೆಯೊಳಗಿನ ಕಬ್ಬಿಣ ಬಿಸಿಯಾಗಿ, ಡಾಂಬರು ಕರಗಿ ಹರಿದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಗ್ಗು ಮಾಯ!

"ಪೆಟ್ಟಿಗಿ ತಾನ ತಗ್ಗು ಹುಡುಕಿ ತಾನ ಮುಚ್ಚತೈತಿ. ಸೋಮವಾರ ಇಂಜಿನಿಯರ್ ಸಾಹೇಬ್ರು ಬರ್ತಾರ. ಪಾಸಾದ್ರ ಊರಿಗೆಲ್ಲ ಇದ ರಸ್ತೆ, ಇಲ್ಲಾಂದ್ರ ಇದನ್ನೂ ಕಿತ್ತು ಒಗೀತಾರ," ಎಂದರು.

ಭಾನುವಾರ ಎದುರುಮನೆ ನೀಲವ್ವನ ಮಗಳ ಮದುವೆ. ನಮ್ಮ ಓಣಿಯಲ್ಲಿ ಮದುವೆಯೆಂದರೆ ರಸ್ತೆಗೇ ಗುಣಿ ತೋಡಿ ಹಂದರ ಹಾಕುವುದು. ಯಾರನ್ನೂ ಕೇಳುವ ಪದ್ಧತಿಯಿಲ್ಲ. ಹದಿನಾರು ಕಂಬ ನೆಟ್ಟರು. ರಸ್ತೆ ಹದಿನಾರನ್ನೂ ಕಚ್ಚಿಕೊಂಡಿತು. ಮದುವೆ ಮುಗಿದ ಮೇಲೆ ಒಂದೂ ಅಲ್ಲಾಡಲಿಲ್ಲ.

"ಗಂಗಕ್ಕ, ನಿಮ್ಮ ಯಜಮಾನ್ರ ರಸ್ತೆ ನನ್ನ ಕಂಬ ನುಂಗೇತಿ," ಎಂದು ನೀಲವ್ವ ಜಗಳಕ್ಕೇ ಬಂದಳು.

"ನುಂಗಿಲ್ಲವ್ವ, ಗಟ್ಟಿ ಹಿಡದೈತಿ. ಯಾವ ಗಾಳಿಗೆ ಬಿದ್ದೀತು ನಿನ್ನ ಹಂದರ, ಹೇಳು," ಎಂದೆ. ಗಂಡನಿಗೆ ಮಾತ್ರ ಒಳಗೆ ಬೇರೆಯೇ ಹೇಳಿದೆ.

ಸೋಮವಾರ ಇಂಜಿನಿಯರ್ ಕುಲಗೋಡ ಸಾಹೇಬರು ಹಂದರದ ಕೆಳಗೆ ಬಗ್ಗಿಕೊಂಡೇ ಬಂದರು. ರಸ್ತೆ ಅಗೆದು ದಪ್ಪ ಅಳೆಯಬೇಕು, ಅದು ನಿಯಮ. ಅಗೆಸಿದರು, ಅಳತೆಪಟ್ಟಿ ತೆಗೆಯುವಷ್ಟರಲ್ಲಿ ತಗ್ಗು ಇಲ್ಲ. ಮತ್ತೆ ಅಗೆಸಿದರು, ಈ ಸಲ ಪಟ್ಟಿಯೂ ಹೋಯಿತು. ಮೂರನೆಯ ಸಲಕ್ಕೆ ಹಾರೆಯೇ ಹೋಯಿತು!

"ಅಳತಿ ಸಿಗದ ರಸ್ತೆಗೆ ಪಾಸ್ ಇಲ್ಲ. ನಾಳೆನ ಕಿತ್ತಸ್ತೀನಿ," ಎಂದರು ಸಾಹೇಬರು. ನಮ್ಮವರ ಮುಖ ಬಾಡಿತು.

ಸಾಹೇಬರು ಹೊರಡಲು ತಿರುಗಿದರು, ಕಾಲು ಬರಲಿಲ್ಲ. ಬೆಚ್ಚಗಿನ ಡಾಂಬರಿನ ಮೇಲೆ ನಿಂತೇ ಇದ್ದುದಕ್ಕೆ ಬೂಟಿನ ಕೆಳಗೆ ಅಷ್ಟು ತಗ್ಗು ಬಿದ್ದಿತ್ತು; ಪೆಟ್ಟಿಗೆ ಅದನ್ನೂ ಹುಡುಕಿ ಬೂಟಿನ ಸಮೇತ ಮುಚ್ಚಿತ್ತು.

"ಬಾಳಪ್ಪನವರ, ಬಿಡಸ್ರಿ ಇದನ್ನ."

"ಬಿಡಸಾಕ ಬರೂದಿಲ್ರಿ ಸಾಹೇಬ್ರ. ಅದಕ್ಕ ಮುಚ್ಚೂದಷ್ಟ ಕಲಿಸೇನಿ."

ನಾಲ್ಕು ಜನ ಹಗ್ಗ ಕಟ್ಟಿ ಬೂಟು ಜಗ್ಗಿದರು. ಹಗ್ಗ ಹರಿಯಿತು, ರಸ್ತೆಯ ಒಂದು ಹರಳೂ ಏಳಲಿಲ್ಲ. ಸಾಹೇಬರು ಅದನ್ನೇ ನೋಡಿದರು. ಬೂಟಿನಿಂದ ಕಾಲು ಕಿತ್ತುಕೊಂಡು ನಮ್ಮ ಕಟ್ಟೆ ಹತ್ತಿ, ಪೆನ್ನು ಕೇಳಿ, "ದಪ್ಪ ತಿಳಿಯದು. ಗಟ್ಟಿ ಇದೆ. ಪಾಸು," ಎಂದು ಬರೆದು ಸಹಿ ಹಾಕಿದರು.

ಎದುರಿಗೆ ನೀಲವ್ವ ನಿಂತಿದ್ದಳೆಂಬುದನ್ನೂ ಮರೆತು ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅಲ್ಲ, ರಸ್ತೆಯ ಮೇಲೆ ಅಷ್ಟು ಹೊತ್ತು ನಿಂತು ಪಾಸು ಮಾಡಿದ ಇಂಜಿನಿಯರನ್ನು ನಮ್ಮ ಊರು ಇದಕ್ಕೂ ಮೊದಲು ಕಂಡಿತ್ತೇ?