ಮಾವನಿಗೆ ಬಾರದ ಒಂದು

ನಮ್ಮ ಸೋದರಮಾವನಿಗೆ ಒಂದರಿಂದ ಹತ್ತರವರೆಗೆ ಎಣಿಸಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರಾದ ಮನುಷ್ಯ! ಎರಡರಿಂದ ಮುಂದೆ ನೀವು ಸಾಕು ಎನ್ನುವವರೆಗೆ ಎಣಿಸುತ್ತಾನೆ, ತಪ್ಪಿಲ್ಲ. ಅವನ ತಕರಾರೆಲ್ಲ ಒಂದರ ಮೇಲೆ.

ಇದು ಶುರುವಾದದ್ದು ಎಂಬತ್ತರ ದಶಕದ ನಡುವೆ, ಅವನು ಮಸ್ಕಿಯಲ್ಲಿ ಮಾಸ್ತರನಾಗಿದ್ದಾಗ. ಲಿಂಗಸುಗೂರಿಗೆ ಹೋದವನು ಸಾಸಿವೆ ಕೊಳ್ಳಲು ಒಂದು ಕಿರಾಣಿ ಅಂಗಡಿಗೆ ಹೊಕ್ಕ. ಅಂಗಡಿಯವನು ಹಳೇ ಇಂಗ್ಲಿಷ್ ಪುಸ್ತಕದ ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದ. ಮಾವ ಪೊಟ್ಟಣದ ಮೇಲಿನ ಎರಡು ಸಾಲು ಓದಿದ, ಸಾಸಿವೆಯನ್ನು ಅಲ್ಲೇ ಬಿಟ್ಟ, ಉಳಿದ ಪುಸ್ತಕ ಎತ್ತಿಕೊಂಡು ಮನೆಗೆ ಬಂದ. ಹೆಸರಿದ್ದ ಹಾಳೆಗಳು ಆಗಲೇ ಯಾರ ಯಾರದೋ ಅಡುಗೆಮನೆ ಸೇರಿದ್ದವು. ಮುಂದೆ ರಾಯಚೂರಿನ ಲೆಕ್ಚರರ್ ಒಬ್ಬರು ಅದನ್ನು ತಿರುವಿ ನೋಡಿ, ಇದು ಎರಡು ಸಾವಿರ ವರ್ಷಕ್ಕೂ ಹಳೆಯ ಗ್ರೀಕರ ಸಂವಾದ, ನಾನೂ ಓದಲು ಹೋಗಿ ಕೈಬಿಟ್ಟಿದ್ದೇನೆ ಎಂದರಂತೆ. ಮಾವನಿಗೆ ಅಷ್ಟೇ ಸಾಕಾಯಿತು. ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತ.

ಅದರಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಕೇಳಿಯೇಬಿಟ್ಟಿರಾ? ಹಾಗಾದರೆ ಅನುಭವಿಸಿ. ಒಬ್ಬ ಮುದುಕ, ಎದುರಿಗೆ ಒಬ್ಬ ಹರೆಯದವನು. 'ಒಂದು' ಎಂಬುದು ಇದೆ ಅಂದುಕೋ, ಎನ್ನುತ್ತಾನೆ ಮುದುಕ. ಇವನು ಹೂಂ ಎನ್ನುತ್ತಾನೆ. ಅದು ನಿಜಕ್ಕೂ ಒಂದೇ ಆದರೆ ಅದಕ್ಕೆ ಭಾಗಗಳಿರಬಾರದು; ಭಾಗಗಳಿಲ್ಲದಿದ್ದರೆ ಮೊದಲು ಕೊನೆ ಇರಬಾರದು; ಮೊದಲು ಕೊನೆ ಇಲ್ಲದ್ದು ಎಲ್ಲೂ ಇರಲಾರದು. ಹೂಂ. ಆದರೆ ಅದು 'ಇದೆ' ಅಂದೆವಲ್ಲ? ಹಾಗಾದರೆ ಒಂದು ಎಂಬುದು ಬೇರೆ, ಇರುವುದು ಎಂಬುದು ಬೇರೆ. ಆಗಲೇ ಎರಡಾಯಿತು, ಎರಡಾದದ್ದು ಲೆಕ್ಕಕ್ಕೇ ಸಿಗದಷ್ಟಾಯಿತು. ಹೂಂ. ಹೀಗೆ ಒಂದು ಇದೆ, ಇಲ್ಲ, ಇದ್ದೂ ಇಲ್ಲ, ಇಲ್ಲದೆಯೂ ಇದೆ! ಪಿಯುಸಿ ಓದಲು ಮಾವನ ಮನೆಯಲ್ಲಿದ್ದ ನನ್ನ ಪಾಲಿಗೆ ಈ ಹೂಂ ಅನ್ನುವ ಕೆಲಸ ಬಂತು. ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಊಹೂಂ ಅನ್ನಬೇಕು ತಿಳಿಯದೆ ನಾನು ಎರಡಕ್ಕೂ ಹೊಂದುವಂತೆ ಮೂಗಿನಲ್ಲೇ ಸದ್ದು ಮಾಡುತ್ತಿದ್ದೆ. ಆ ವರ್ಷ ತರ್ಕಶಾಸ್ತ್ರದಲ್ಲಿ ಫೇಲಾದೆ. ಅತ್ತೆ ಮಾತ್ರ ಜಾಣೆ. ಮಾವ ನೋಟ್‌ಬುಕ್ ತೆರೆದರೆ ಸಾಕು, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಅತ್ತೆಯ ತವರು ಮುಕ್ಕುಂದ. ರಜೆಗೆ ಮೂವರೂ ಅಲ್ಲಿಗೆ ಹೋದಾಗ ಕುರಿ ಕಾಯುವ ಅಜ್ಜನೊಬ್ಬನನ್ನು ಮಾವ ದಾರಿಯಲ್ಲೇ ತರುಬಿದ. ನಿನ್ನ ಮುಂದಿರುವುದು ಒಂದೋ, ಬಹಳವೋ ಎಂದು ಕೇಳಿದ. ನಾನು ನಾಚಿ ಮರದ ಕಡೆ ನೋಡುತ್ತ ನಿಂತೆ. ಅಜ್ಜ ಕೋಲಿಗೆ ಗದ್ದ ಊರಿ ಯೋಚಿಸಿದ.

"ಮೇಯಾಕತ್ತಾಗ ಒಂದ ಹಿಂಡು ನೋಡ್ರಿ ಮಾಸ್ತರ. ತ್ವಾಳ ಬಂತಂದ್ರ ಎಲ್ಲಾ ಬ್ಯಾರೆ ಬ್ಯಾರೆ."

ಮಾವ ಅವನ ಎರಡೂ ಕೈ ಹಿಡಿದುಕೊಂಡ. ಗ್ರೀಕರಿಗೆ ಈ ಮನುಷ್ಯ ಸಿಕ್ಕಿದ್ದರೆ ಪುಸ್ತಕ ನಾಲ್ಕೇ ಹಾಳೆಯಲ್ಲಿ ಮುಗಿಯುತ್ತಿತ್ತು ಎಂದು ಸಾರಿದ. ಅಷ್ಟರಲ್ಲಿ ಎರಡು ಮರಿ ಭತ್ತದ ಗದ್ದೆಗೆ ನುಗ್ಗಿದ್ದವು. ಗದ್ದೆಯವನು ಬಂದು ಅಜ್ಜ ಬೇರೆ, ಮಾಸ್ತರ ಬೇರೆ ಎಂದು ನೋಡದೆ ಇಬ್ಬರಿಗೂ ಸೇರಿಸಿ ಒಂದೇ ಬೈಗುಳ ಬೈದ.

ತೊಂಬತ್ತರ ದಶಕದ ಮೊದಲಲ್ಲಿ ಮಾವನಿಗೆ ಜವಳಗೇರಾಕ್ಕೆ ವರ್ಗವಾಯಿತು. ಹಿಂದೆಯೇ ಜನಗಣತಿ ಬಂತು. ಇಂಥವನ ಕೈಗೆ ಎಣಿಸುವ ಕೆಲಸ ಕೊಡಬಹುದೇ? ಕೊಟ್ಟರು! ಒಂದು ಒಲೆಯ ಮೇಲೆ ಬೇಯಿಸಿ ಉಣ್ಣುವವರು ಒಂದು ಕುಟುಂಬ, ಇಷ್ಟೇ ನಿಯಮ. ಮಾವನಿಗೆ ಸಿಕ್ಕಿದ್ದು ಅಣ್ಣತಮ್ಮಂದಿರ ಒಂದು ಮನೆ. ನಡುವೆ ಗೋಡೆ, ಎರಡು ಬಾಗಿಲು, ಸೊಸೆಯಂದಿರಲ್ಲಿ ಮಾತಿಲ್ಲ. ಆದರೆ ಮುದಿ ತಾಯಿ ಅಣ್ಣನ ಕಡೆ ಅಡುಗೆ ಮಾಡಿ ಗೋಡೆಯ ಕಿಂಡಿಯಿಂದ ತಮ್ಮನ ಕಡೆಗೂ ದಾಟಿಸುತ್ತಿದ್ದಳು. ತಮ್ಮನ ಮನೆಯಲ್ಲಿ ಚಹಾಕ್ಕೆಂದು ಬೇರೆ ಸ್ಟೋವ್ ಇತ್ತು. ಅಂದರೆ ಅನ್ನಕ್ಕೆ ಒಂದು ಕುಟುಂಬ, ಚಹಾಕ್ಕೆ ಎರಡು. ಮಾವ ಫಾರಂನಲ್ಲಿ ಒಂದು ಎಂದು ಬರೆದು ಹೊಡೆದುಹಾಕಿದ, ಎರಡು ಎಂದು ಬರೆದು ಹೊಡೆದುಹಾಕಿದ, ಆಮೇಲೆ ಕಾರಣ ವಿವರಿಸಿ ಒಂದು ಹಾಳೆ ಲಗತ್ತಿಸಿದ. ಸಿಂಧನೂರಿನಿಂದ ಸೂಪರ್‌ವೈಸರ್ ಓಡಿ ಬಂದರು. ಆ ಮನೆಯ ಕಟ್ಟೆಯ ಮೇಲೆ ಕುಳಿತು ಹಾಳೆಯನ್ನು ಎರಡು ಸಲ ಓದಿದರು.

"ಮಾಸ್ತರ, ನೀವು ಇನ್ನ ನಾಕು ಮನಿ ಎಣಿಸಿದ್ರ ಜವಳಗೇರಾದಾಗ ಮಂದೀನ ಇಲ್ಲ ಅಂತ ಬರೀಬೇಕಾಕ್ಕೈತಿ," ಎಂದರು.

ಮಾವ ಅದಕ್ಕೂ ಉತ್ತರ ಕೊಡಲು ಹೊರಟಿದ್ದ. ಒಳಗಿನಿಂದ ಬಂದ ಮುದುಕಿ ಬಾಗಿಲಲ್ಲಿ ನಿಂತು, "ಎರಡಂತ ಬರದ್ರ ನಾ ಯಾವ ಮನ್ಯಾಗ ಇರ್ಲಿ, ಮಾಸ್ತರ?" ಎಂದು ಕೇಳಿದಳು. ಮಾವ ಹೊಸ ಫಾರಂ ತೆಗೆದು ಒಂದು ಎಂದು ಬರೆದ. ಆಮೇಲೆ ಒಂದು ವಾರ ನಿದ್ದೆ ಮಾಡಲಿಲ್ಲವಂತೆ, ಬರೆದದ್ದು ಸರಿಯೋ ತಪ್ಪೋ ಎಂದು.

ಮೂರ್ನಾಲ್ಕು ವರ್ಷ ಕಳೆದು ಅತ್ತೆಯ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದರು. ಅವರಿಗೆ ಮಕ್ಕಳಿಲ್ಲ, ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದ ನಾನು ರಜೆ ಹಾಕಿ ಬಂದೆ. ಕೊಯ್ದು ನೋಡಿದ ಮೇಲೆಯೇ ಏನಾದರೂ ಹೇಳಬಹುದು ಎಂದಿದ್ದರು ಡಾಕ್ಟರು. ಯಾರನ್ನು ಕಂಡರೂ ಪ್ರಶ್ನೆ ಕೇಳುವ ಮಾವ ಅವರನ್ನು ಏನೂ ಕೇಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅತ್ತೆ ಮಲಗಿದಲ್ಲಿಂದಲೇ, "ನಿಮ್ಮ ಪುಸ್ತಕ ತಂದೀರೇನ್ರಿ? ಓದ್ರಿ," ಎಂದಳು.

ನೋಟ್‌ಬುಕ್ ಮಾವನ ಚೀಲದಲ್ಲೇ ಇತ್ತು. ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಓದಿದ. ನಾನು ಹೂಂ ಅನ್ನುವ ಮೊದಲೇ ಅತ್ತೆ ಹೂಂ ಅನ್ನುತ್ತಿದ್ದಳು, ಸರಿಯಾದ ಜಾಗದಲ್ಲಿ. ಕೊನೆಯ ಹಾಳೆಗೆ ಬಂದಾಗ ಮಾವನ ದನಿ ಸಣ್ಣದಾಯಿತು. ಬೇಗ ಮುಗಿಸಿ ಮುಚ್ಚಿದ.

"ಒಂದು ಸಾಲು ಬಿಟ್ರಿ," ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಅದು ಈಗ ಬ್ಯಾಡ. ನೀ ಮನಿಗೆ ಬಾ, ಓದ್ತೀನಿ."

ಮಾವ ನೀರು ತರಲು ಹೋದಾಗ ನಾನು ನೋಟ್‌ಬುಕ್ ತೆಗೆದು ನೋಡಿದೆ. ಒಂದು ಇಲ್ಲವಾದರೆ ಉಳಿದದ್ದು ಯಾವುದೂ ಇಲ್ಲ ಎಂಬ ಸಾಲು ಅದು. ಅಷ್ಟು ವರ್ಷ ಹೂಂಗುಟ್ಟಿದ ಪುಸ್ತಕದಲ್ಲಿ ನನಗೆ ಅರ್ಥವಾದದ್ದು ಅದೊಂದೇ.

ಗಂಟು ಕೆಟ್ಟದ್ದಾಗಿರಲಿಲ್ಲ. ಹದಿನೈದು ದಿನಕ್ಕೆ ಅತ್ತೆ ಮನೆಗೆ ಬಂದಳು, ತಿಂಗಳಿಗೆ ಬಾವಿಯ ನೀರು ಸೇದತೊಡಗಿದಳು. ಆ ಸಾಲು ಓದಿರಿ ಎಂದು ಆಗಾಗ ಕೇಳುತ್ತಾಳೆ. ಆ ಹಾಳೆಯನ್ನು ಹುಳ ತಿಂದಿದೆ ಎನ್ನುತ್ತಾನೆ ಮಾವ.

ಹುಳ ತಿಂದಿಲ್ಲ. ನಾನು ನೋಡಿದ್ದೇನೆ.